ಹಿನ್ನೀರಿಗೆ ವಿಹಾರದೋಣಿ ಇಳಿಸುವ ಮುನ್ನ

(ಶರಾವತಿ ಹಿನ್ನೀರು ಪ್ರದೇಶದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಶರಾವತಿಯ ದಂಡೆಯ ಜನರಿಗೆ ದೋಣಿ ಹೊಸ ವಸ್ತುವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, 300 ಚದರ ಕಿಲೋಮೀಟರಿಗೂ ಹೆಚ್ಚಿನ ನೆಲ ನೀರಿನಡಿಗೆ ಸೇರಿದ ಮೇಲೆ ಇಲ್ಲಿಯ ಬದುಕು ದೋಣಿ ಮತ್ತು ಲಾಂಚುಗಳ ಮೇಲೆಯೇ ಸಾಗಿತು. ಬಾಣಂತಿಯರು, ಶಾಲೆಯ ಮಕ್ಕಳು, ಮದುವೆಯ ದಿಬ್ಬಣ, ಅಡಿಕೆಯ ಮೂಟೆ ಎಲ್ಲವೂ ಆ ನೀರನ್ನು ದಾಟಿದವು. ಅದು ಯಾರೂ ಬಯಸಿ ಕೈಗೊಂಡ ಯಾನವಾಗಿರಲಿಲ್ಲ. ರಸ್ತೆಯನ್ನು ಕಸಿದುಕೊಂಡ ನೀರಿನ ಮೇಲೆ ಬೇರೆ ದಾರಿಯಿಲ್ಲದೆ ನಡೆಸಿದ ಸಂಚಾರವಾಗಿತ್ತು. 2025ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಆರು ದಶಕಗಳ ಬಳಿಕ ತುಮರಿ, ಸಿಗಂದೂರು ಭಾಗದ ಜನರಿಗೆ ನೀರಿನ ಹಂಗಿಲ್ಲದ ಹಾದಿ ದೊರೆಯಿತು.

ದಾಟುವುದಕ್ಕಾಗಿ ದೋಣಿ ಬೇಡವಾದ ಈ ಕಾಲದಲ್ಲಿ ವಿಹಾರಕ್ಕಾಗಿ ದೋಣಿ ಬೇಕೆಂಬ ಮಾತು ಹಿನ್ನೀರಿನ ಸುತ್ತ ಕೇಳಿಬರುತ್ತಿದೆ. ಹೋಂಸ್ಟೇ ನಡೆಸುವವರಿಗೆ ಅತಿಥಿಗಳು ಕೇಳುವ ಮೊದಲ ಪ್ರಶ್ನೆಯೇ ‘ಬೋಟಿಂಗ್ ಇದೆಯೇ?’ ಎಂಬುದು. ಎರಡು ಎಕರೆ ಅಡಿಕೆ ತೋಟದ ಜೊತೆಗೆ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟ ಒಬ್ಬ ಕೃಷಿಕನನ್ನು ಕಲ್ಪಿಸಿಕೊಳ್ಳೋಣ. ಕರಾವಳಿಯಲ್ಲಿ ಯಾರೋ ಮಾರುವ ಹಳೆಯ ಫೈಬರ್ ದೋಣಿ ಅಗ್ಗಕ್ಕೆ ಸಿಗುತ್ತದೆಂಬ ಸುದ್ದಿ ಅವನಿಗೆ ಮುಟ್ಟುತ್ತದೆ. ಎಂಜಿನ್ ಸಹಿತ, ಹತ್ತು ಜನ ಕೂರಬಹುದು ಎಂದು ಮಾರುವವನ ಭರವಸೆ. ಅವನು ದುರಾಸೆಯವನಲ್ಲ, ಕೊಳೆರೋಗದಲ್ಲಿ ಫಸಲು ಹೋದ ವರ್ಷ ಮನೆ ನಡೆಸಲು ಇನ್ನೊಂದು ದಾರಿ ಹುಡುಕುತ್ತಿರುವವನು. ಈ ಉಪನ್ಯಾಸದ ಮಾತುಗಳು ಮುಖ್ಯವಾಗಿ ಅಂಥವನನ್ನು ಕುರಿತವು. ಮತ್ತು ಅವನ ದೋಣಿಯನ್ನು ದಂಡೆಯಲ್ಲಿ ನಿಂತು ನೋಡುವ ಊರವರನ್ನು ಕುರಿತವು.

ಮೊದಲಿಗೆ ಕಾನೂನಿನ ಮಾತು. ಹಳ್ಳಿಯ ಕೆರೆ, ನದಿ, ಜಲಾಶಯಗಳಲ್ಲಿ ದೋಣಿ ಇಳಿಸಲು ಯಾರ ಅಪ್ಪಣೆಯೂ ಬೇಡವೆಂಬ ತಿಳಿವಳಿಕೆ ವ್ಯಾಪಕವಾಗಿದೆ. ಅದು ತಪ್ಪು. ಬ್ರಿಟಿಷರ ಕಾಲದ 1917ರ ಒಳನಾಡು ಹಡಗುಗಳ ಕಾಯಿದೆಯ ಸ್ಥಾನದಲ್ಲಿ 2021ರಲ್ಲಿ ಸಂಸತ್ತು ಹೊಸ ಕಾಯಿದೆಯನ್ನು ಅಂಗೀಕರಿಸಿದ್ದು, ಅದು 2022ರಿಂದ ಜಾರಿಯಲ್ಲಿದೆ. ನದಿ, ಕಾಲುವೆ, ಸರೋವರ ಹಾಗೂ ದೋಣಿ ಸಾಗಬಲ್ಲ ಇತರ ಒಳನಾಡು ನೀರೆಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಎಂಜಿನ್ ಹೊಂದಿದ ದೋಣಿಗೆ ನೋಂದಣಿ ಕಡ್ಡಾಯ. ನೋಂದಣಿಗೂ ಮುನ್ನ ಅದರ ದೇಹದಾರ್ಢ್ಯ, ಎಂಜಿನ್, ಜೀವರಕ್ಷಕ ಸಾಧನಗಳ ತಪಾಸಣೆಯಾಗಿ ಪ್ರಮಾಣಪತ್ರ ದೊರೆಯಬೇಕು. ಎಷ್ಟು ಜನರನ್ನು ಒಯ್ಯಬಹುದೆಂಬುದು ನಿರ್ಧಾರವಾಗುವುದು ಆ ತಪಾಸಣೆಯಲ್ಲಿ, ಮಾರುವವನ ಭರವಸೆಯಲ್ಲಲ್ಲ. ನಡೆಸುವವನಿಗೆ ಅರ್ಹತಾ ಪತ್ರವಿರಬೇಕು. ಸಾವು, ಗಾಯ ಮತ್ತು ಮಾಲಿನ್ಯದ ಹೊಣೆಗೆ ವಿಮೆ ಮಾಡಿಸಿರಬೇಕು. ನೋಂದಣಿಯ ಬಳಿಕ ದೋಣಿಯ ರೂಪವನ್ನು ಬದಲಿಸುವುದಾದರೆ, ಅಂದರೆ ಮೇಲೊಂದು ಅಟ್ಟ ಕಟ್ಟುವುದಕ್ಕೂ ಎಂಜಿನ್ ಬದಲಿಸುವುದಕ್ಕೂ, ಮತ್ತೆ ಅನುಮತಿ ಬೇಕು. ಈ ಕಾರ್ಯವನ್ನು ರಾಜ್ಯದಲ್ಲಿ ನೋಡಿಕೊಳ್ಳುತ್ತ ಬಂದಿರುವುದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ; ಸಿಗಂದೂರಿನ ಲಾಂಚುಗಳನ್ನು ನಡೆಸಿದ ಇಲಾಖೆಯೂ ಅದೇ ಆದುದರಿಂದ ಈ ಭಾಗದವರಿಗೆ ಅದರ ಪರಿಚಯವಿದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಲಿಂಗನಮಕ್ಕಿಯ ಜಲಾಶಯ ಕರ್ನಾಟಕ ವಿದ್ಯುತ್ ನಿಗಮದ ಅಧೀನದಲ್ಲಿದೆ. ಹಿನ್ನೀರಿನ ಗಣನೀಯ ಭಾಗ ಅಭಯಾರಣ್ಯದ ಗಡಿಯೊಳಗಿದೆ. 1972ರಲ್ಲಿ ಘೋಷಿತವಾದ ಶರಾವತಿ ಕಣಿವೆ ಅಭಯಾರಣ್ಯವನ್ನು 2019ರಲ್ಲಿ ವಿಸ್ತರಿಸಿ ಸಿಂಗಳೀಕ ಅಭಯಾರಣ್ಯವನ್ನಾಗಿ ಮಾಡಲಾಯಿತು. ಅಭಯಾರಣ್ಯದೊಳಗೆ ಪ್ರವಾಸಿಗರನ್ನು ಒಯ್ಯಲು ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ನೀರಿನ ಮೇಲೆ ಗಡಿಯ ಕಲ್ಲು ಕಾಣಿಸುವುದಿಲ್ಲವೆಂಬುದು ಸಮಜಾಯಿಷಿಯಾಗದು. ಆದುದರಿಂದ ಹಣ ಕೊಡುವ ಮೊದಲು ಮೂರೂ ಕಡೆ ಲಿಖಿತವಾಗಿ ವಿಚಾರಿಸುವುದು ಲೇಸು. ದೋಣಿ ಅಂಗಳಕ್ಕೆ ಬಂದ ಮೇಲೆ ಅನುಮತಿ ಸಿಗಲಿಲ್ಲವೆಂದು ಕೊರಗುವುದಕ್ಕಿಂತ ಅದು ಸುಲಭ.

ಕಾನೂನು ಉಲ್ಲಂಘಿಸಿದರೆ ಏನಾಗುತ್ತದೆಂದು ಕೇಳುವವರಿದ್ದಾರೆ. ಸುರಕ್ಷಿತವಲ್ಲದ ಅಥವಾ ಮಿತಿಮೀರಿ ಭಾರ ಹೇರಿದ ದೋಣಿಯಲ್ಲಿ ಬಾಡಿಗೆಗೆ ಜನರನ್ನು ಒಯ್ಯುವುದು 1860ರ ದಂಡಸಂಹಿತೆಯಲ್ಲಿಯೇ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 284ನೆಯ ಕಲಮು ಅದನ್ನು ಮುಂದುವರಿಸಿದೆ. ಆರು ತಿಂಗಳವರೆಗೆ ಸೆರೆ, ಐದು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಗಮನಿಸಬೇಕಾದುದೇನೆಂದರೆ, ಇದಕ್ಕೆ ದೋಣಿ ಮುಳುಗಲೇಬೇಕೆಂದಿಲ್ಲ. ಜನರ ಜೀವಕ್ಕೆ ಅಪಾಯ ತರುವಂತೆ ಒಯ್ದರೆ ಸಾಕು. ಸಾವು ಸಂಭವಿಸಿದರೆ ನಿರ್ಲಕ್ಷ್ಯದ ಸಾವಿನ ಮೊಕದ್ದಮೆ ಬೇರೆ. ತಪಾಸಣಾ ಪತ್ರವಿಲ್ಲದ ದೋಣಿಗೆ ವಿಮೆಯ ಆಸರೆಯನ್ನು ನಂಬುವಂತಿಲ್ಲ. ಆಗ ಪರಿಹಾರದ ಹೊರೆ ಬೀಳುವುದು ಆ ಎರಡು ಎಕರೆ ತೋಟದ ಮೇಲೆ. ಮುಳುಗಡೆಯಲ್ಲಿ ಒಮ್ಮೆ ಭೂಮಿ ಕಳೆದುಕೊಂಡ ಮನೆತನ ಇನ್ನೊಮ್ಮೆ ಅದೇ ನೀರಿನಿಂದ ಭೂಮಿ ಕಳೆದುಕೊಳ್ಳುವ ಸಂಭವವನ್ನು ಹಗುರವಾಗಿ ಕಾಣಲಾಗದು.

ಇನ್ನು ಅವಘಡಗಳ ಮಾತು. ದೋಣಿ ಮುಳುಗಿದ ಸುದ್ದಿ ಓದಿದಾಗ ಬಿರುಗಾಳಿಯೋ ಸುಳಿಯೋ ಕಾರಣವಿರಬೇಕೆಂದು ಮನಸ್ಸು ಊಹಿಸುತ್ತದೆ. ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. 2007ರ ಫೆಬ್ರವರಿಯಲ್ಲಿ ಕೇರಳದ ತಟ್ಟೇಕ್ಕಾಡಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ 15 ಮಕ್ಕಳೂ 3 ಶಿಕ್ಷಕರೂ ಪೆರಿಯಾರ್ ನದಿಯ ಪಾಲಾದರು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಸರೋವರದಲ್ಲಿ ಎರಡಂತಸ್ತಿನ ವಿಹಾರದೋಣಿ ಮಗುಚಿ 45 ಜನ ಸತ್ತರು. ದಂಡೆಯಲ್ಲಿ ಕಾಡುಪ್ರಾಣಿ ಕಂಡಿತೆಂದು ಮೇಲಂತಸ್ತಿನ ಪ್ರವಾಸಿಗರು ಒಂದೇ ಬದಿಗೆ ಸರಿದಿದ್ದರು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜೀವಗಳು ಹೋದವು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 22 ಜನ. ಅಲ್ಲಿ ಓಡುತ್ತಿದ್ದುದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿದ ವಿಹಾರನೌಕೆ, ವೇಳೆ ಸೂರ್ಯಾಸ್ತದ ನಂತರ. 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು. ಊರ ನಡುವಿನ ಕೆರೆ ಅದು, ಸಮುದ್ರವಲ್ಲ.

ಈ ಪಟ್ಟಿಯಲ್ಲಿ ಮತ್ತೆಮತ್ತೆ ಕಾಣಿಸಿಕೊಳ್ಳುವುದು ಭಾರ ಮೀರಿದ ದೋಣಿ ಮತ್ತು ತೊಡದೆ ಬಿಟ್ಟ ಲೈಫ್ ಜಾಕೆಟ್. ತಾನೂರಿನ ಸಂಗತಿಯಂತೂ ಹಳೆಯ ಮೀನುದೋಣಿ ಕೊಳ್ಳಲು ಹೊರಟವನು ಎರಡು ಬಾರಿ ಓದಬೇಕಾದುದು. ಮೀನು ಹಿಡಿಯುವ ದೋಣಿಯಲ್ಲಿ ಭಾರ ತಳದಲ್ಲಿರುತ್ತದೆ: ಬಲೆ, ಮಂಜುಗಡ್ಡೆ, ಮೀನು. ಅದೇ ದೋಣಿಗೆ ಹಲಗೆಯ ಅಟ್ಟ ಹಾಕಿ ಕುರ್ಚಿಯಿಟ್ಟರೆ ಭಾರ ಮೇಲಕ್ಕೇರುತ್ತದೆ. ತಲೆಯ ಮೇಲೆ ಕೊಡ ಹೊತ್ತವಳಿಗೂ ಸೊಂಟದಲ್ಲಿ ಕೊಡ ಇಟ್ಟವಳಿಗೂ ಇರುವ ವ್ಯತ್ಯಾಸ ಅದು. ಜನರೆಂಬ ಭಾರಕ್ಕೆ ಇನ್ನೊಂದು ದೋಷವಿದೆ. ಮೂಟೆ ಇಟ್ಟಲ್ಲಿ ಇರುತ್ತದೆ, ಮನುಷ್ಯ ಇರುವುದಿಲ್ಲ. ದೋಣಿ ಒಂದು ಕಡೆಗೆ ವಾಲಿದೊಡನೆ ಜನ ಹೆದರಿ ಏಳುತ್ತಾರೆ, ಎದ್ದೊಡನೆ ಭಾರ ಇನ್ನಷ್ಟು ಮೇಲಕ್ಕೆ ಹೋಗಿ ದೋಣಿ ಮತ್ತಷ್ಟು ವಾಲುತ್ತದೆ. ತಳದಲ್ಲಿ ನೀರು ನಿಂತಿದ್ದರೆ ಆ ನೀರೂ ವಾಲಿದ ಬದಿಗೇ ಹರಿದು ಅನಾಹುತವನ್ನು ಪೂರ್ಣಗೊಳಿಸುತ್ತದೆ. ಇಷ್ಟೆಲ್ಲ ನಡೆಯಲು ಒಂದು ನಿಮಿಷವೂ ಬೇಡ. ಆದುದರಿಂದ ನೀರಿನ ಮಟ್ಟದಿಂದ ದೋಣಿಯ ಅಂಚಿನವರೆಗೆ ಎಷ್ಟು ಎತ್ತರ ಉಳಿದಿದೆ ಎಂಬುದನ್ನು ಹೊರಡುವ ಮುನ್ನ ದಂಡೆಯಲ್ಲಿ ನಿಂತು ನೋಡುವ ಅಭ್ಯಾಸ ಬೇಕು. ಹಳೆಯ ಅಂಬಿಗರು ಇದನ್ನು ಕಣ್ಣಳತೆಯಲ್ಲಿಯೇ ತಿಳಿಯುತ್ತಿದ್ದರು. ‘ಇನ್ನೊಬ್ಬರು ಬೇಡ’ ಎಂದು ಖಂಡಿತವಾಗಿ ಹೇಳುತ್ತಿದ್ದರು. ಬಾಡಿಗೆಯ ದೋಣಿಯಲ್ಲಿ ಕಷ್ಟವಾಗುವುದು ಆ ಮಾತೇ. ಬೆಂಗಳೂರಿನಿಂದ ಬಂದ ಹನ್ನೆರಡು ಜನರ ತಂಡ ‘ಎಲ್ಲರೂ ಒಟ್ಟಿಗೇ ಹೋಗುತ್ತೇವೆ, ದುಡ್ಡು ಹೆಚ್ಚು ಕೊಡುತ್ತೇವೆ’ ಎಂದಾಗ ಎಂಟೇ ಜನರೆಂದು ಹೇಳಬಲ್ಲವನು ಮಾತ್ರ ದೋಣಿ ಇಟ್ಟುಕೊಳ್ಳಲು ಯೋಗ್ಯನು.

ಹಳೆಯ ಫೈಬರ್ ದೋಣಿ ಕೊಳ್ಳುವುದೇ ಆದರೆ ನೋಡಬೇಕಾದುದು ಬಣ್ಣವನ್ನಲ್ಲ. ಗಟ್ಟಿ ಕಟ್ಟಿಗೆಯ ತುಂಡಿನಿಂದ ಮೈಯೆಲ್ಲ ಮೆಲ್ಲನೆ ತಟ್ಟುತ್ತ ಹೋಗಬೇಕು. ಸದ್ದು ಮಂಕಾದಲ್ಲಿ ಪದರಗಳು ಬಿಟ್ಟಿರುತ್ತವೆ. ಎಂಜಿನ್ ಬಿಗಿಯುವ ಹಿಂಬದಿಯ ಹಲಗೆಗೆ ಒಳಗೆ ಮರ ಕೊಟ್ಟಿರುವುದುಂಟು; ನೀರು ಕುಡಿದು ಅದು ಕೊಳೆತಿದ್ದರೆ ಹೊರಗೆ ಕಾಣಿಸದು, ಎಂಜಿನನ್ನು ಹಿಡಿದು ಅಲುಗಿಸಿದಾಗ ಹಲಗೆಯೂ ಮಿಸುಕುತ್ತದೆ. ದೋಣಿಯ ಬಲಕ್ಕೆ ಮೀರಿದ ಎಂಜಿನ್ ಹಾಕಿದ್ದರೆ ಹಿಂಭಾಗ ತಗ್ಗಿ, ವೇಗ ತಗ್ಗಿಸಿದೊಡನೆ ಹಿಂದಿನ ಅಲೆ ಒಳಗೆ ನುಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆಯೊಂದಿದೆ. ಎಂಜಿನ್ನನ್ನು ಬಿಚ್ಚಿಟ್ಟು, ಅಷ್ಟೇ ತೂಕದ ಕಲ್ಲನ್ನು ಅಲ್ಲಿ ಕಟ್ಟಿ, ಸೊಂಟದಷ್ಟು ನೀರಿನಲ್ಲಿ ದೋಣಿಯೊಳಗೆ ಪೂರ್ತಿ ನೀರು ತುಂಬಿಸಿ ನೋಡಬೇಕು. ಒಳ್ಳೆಯ ವಿಹಾರದೋಣಿಯಲ್ಲಿ ಮುಚ್ಚಿದ ಗಾಳಿಯ ಕೋಣೆಗಳೋ ಫೋಮೋ ಇದ್ದು, ನೀರು ತುಂಬಿದರೂ ಅದು ತೇಲುತ್ತಲೇ ಇರುತ್ತದೆ. ತಳ ಸೇರಿತೆಂದರೆ ಆ ದೋಣಿಯನ್ನು ಮಾರುವವನಿಗೇ ಬಿಟ್ಟು ಬರತಕ್ಕದ್ದು. ಮಗುಚಿದ ದೋಣಿಯನ್ನು ಹಿಡಿದುಕೊಂಡು ಕಾಯುವವನು ಬದುಕುವ ಸಂಭವ, ದಂಡೆ ಹತ್ತಿರವೇ ಇದೆಯೆಂದು ಈಜಲು ಹೊರಡುವವನಿಗಿಂತ ಹೆಚ್ಚು. ಹಿಡಿದುಕೊಳ್ಳಲು ದೋಣಿ ಉಳಿದಿರಬೇಕಷ್ಟೆ.

ಲೈಫ್ ಜಾಕೆಟ್ಟಿನ ವಿಚಾರದಲ್ಲಿ ಸುಳ್ಳು ಸಮಾಧಾನ ಬಹಳ. ಸೀಟಿನಡಿ ಕಟ್ಟಿಟ್ಟ ಜಾಕೆಟ್ ಇಲ್ಲದ ಜಾಕೆಟ್ಟಿಗೆ ಸಮ. ಮಾರುಕಟ್ಟೆಯಲ್ಲಿ ಸಿಗುವ ಜಾಕೆಟ್ಟುಗಳ ಮೇಲೆ ಅವುಗಳ ತೇಲುಬಲವನ್ನು ನ್ಯೂಟನ್ ಲೆಕ್ಕದಲ್ಲಿ ಬರೆದಿರುತ್ತದೆ. 50 ನ್ಯೂಟನ್ ಎಂದರೆ ಸುಮಾರು ಐದು ಕಿಲೋ ತೂಕವನ್ನು ಎತ್ತಿಹಿಡಿಯುವ ಬಲ. ಅದು ಈಜು ಬಲ್ಲವರಿಗೆ, ನೆರವು ಹತ್ತಿರವಿರುವಲ್ಲಿಗೆ. ಈಜು ಬಾರದ ಪ್ರವಾಸಿಗರಿಗೆ 100 ನ್ಯೂಟನ್ನಿಗೆ ಕಡಿಮೆಯದು ಬೇಡ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು, ಕಾಲುಗಳ ನಡುವಿನ ಪಟ್ಟಿಯ ಸಹಿತ. ಇಲ್ಲವಾದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಸೀರೆಯುಟ್ಟ ಹೆಂಗಸರು ಸೆರಗನ್ನು ಜಾಕೆಟ್ಟಿನ ಒಳಗೆ ಸೇರಿಸಿ ಬಿಗಿಯಬೇಕು. ಬಿಗಿಯುವುದು ದಂಡೆಯಲ್ಲಿ, ದೋಣಿಗೆ ಕಾಲಿಡುವ ಮೊದಲು. ಬಿಸಿಲಿನಲ್ಲಿ ಬಿದ್ದು ಬಣ್ಣ ಕಳೆದುಕೊಂಡ, ಬಕಲು ಮುರಿದ ಜಾಕೆಟ್ಟುಗಳನ್ನು ಬಿಸಾಡಲು ಮನಸ್ಸು ಬಾರದಿದ್ದರೆ ತೋಟದ ಬೆರ್ಚಪ್ಪನಿಗೆ ತೊಡಿಸಬಹುದು.

ದೋಣಿಯೊಳಗೆ ಇರಬೇಕಾದ ಉಳಿದ ವಸ್ತುಗಳು ದುಬಾರಿಯವಲ್ಲ: ಎಂಜಿನ್ ಇದ್ದರೂ ಒಂದು ಜೊತೆ ಹುಟ್ಟು, ನೀರು ಮೊಗೆಯುವ ಡಬ್ಬ, ಲಂಗರು, ಎಸೆಯಲು ತೇಲುವ ಉದ್ದನೆಯ ಹಗ್ಗ, ಸೀಟಿ, ಬೆಂಕಿ ಆರಿಸುವ ಸಾಧನ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿದ್ದು ದೋಣಿಯ ತಳದಲ್ಲಿ ಶೇಖರವಾಗುವುದರಿಂದ ಡಬ್ಬಕ್ಕೆ ಇಂಧನ ತುಂಬುವುದು ದಂಡೆಯ ಮೇಲೆಯೇ ಆಗಬೇಕು; ಬೀಡಿ ಸೇದುವವರು ದೂರವಿರಬೇಕು. ಎಂಜಿನ್ನಿಗೆ ಒಂದು ಸಣ್ಣ ಸುರುಳಿ ಹಗ್ಗ ಬಂದಿರುತ್ತದೆ, ಚಾಲಕನ ಮಣಿಕಟ್ಟಿಗೆ ಕಟ್ಟಿಕೊಳ್ಳುವಂಥದು. ಚಾಲಕ ನೀರಿಗೆ ಬಿದ್ದರೆ ಅದು ಕಳಚಿ ಎಂಜಿನ್ ನಿಲ್ಲುತ್ತದೆ. ತೊಡಕೆಂದು ಅದನ್ನು ಕಟ್ಟಿಕೊಳ್ಳದವರೇ ಹೆಚ್ಚು. ಚಾಲಕನಿಲ್ಲದ ದೋಣಿ ನೀರಿಗೆ ಬಿದ್ದವರ ಸುತ್ತಲೇ ಪ್ರೊಪೆಲ್ಲರ್ ತಿರುಗಿಸುತ್ತ ಸುತ್ತಬಲ್ಲದು.

ಹೊರಡುವ ಮುನ್ನ ಯಾರು ಯಾರು ಹೋದರು, ಎಷ್ಟು ಹೊತ್ತಿಗೆ ಮರಳುವರು ಎಂಬ ಚೀಟಿಯೊಂದು ದಂಡೆಯಲ್ಲಿ ಒಬ್ಬರ ಕೈಯಲ್ಲಿರಲಿ. ಹಿನ್ನೀರಿನ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲವೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕುಡಿದವರನ್ನು ಹತ್ತಿಸಬಾರದು, ಕುಡಿದವನು ನಡೆಸಬಾರದು, ಕತ್ತಲಾದ ಮೇಲೆ ಹೊರಡಬಾರದು. ಇದಕ್ಕೆ ವಿವರಣೆ ಬೇಕಿಲ್ಲ.

ಹೊರಗಿನಿಂದ ತಂದ ಚಾಲಕನಿಗೆ ತಿಳಿಯದ, ಇಲ್ಲಿಯ ಹಿರಿಯರಿಗೆ ಮಾತ್ರ ತಿಳಿದಿರುವ ಸಂಗತಿಯೊಂದಿದೆ. ಈ ನೀರಿನ ತಳ ನದಿಯ ತಳವಲ್ಲ. ಅದು ಗದ್ದೆ, ತೋಟ, ಬಾವಿ, ರಸ್ತೆ, ಕಾಡು. ಮುಳುಗುವಾಗ ಕಡಿಯದೆ ಬಿಟ್ಟ ಮರಗಳ ಬೊಡ್ಡೆಗಳು ಇಂದಿಗೂ ನಿಂತಿವೆ. ಸೆಪ್ಟೆಂಬರಿನಲ್ಲಿ ಇಪ್ಪತ್ತು ಅಡಿ ಆಳದಲ್ಲಿದ್ದ ಬೊಡ್ಡೆ ಮಾರ್ಚಿನಲ್ಲಿ ನೀರಿನ ಮೇಲ್ಮೈಗೆ ಒಂದು ಗೇಣು ಕೆಳಗಿರಬಹುದು. ಪೂರ್ಣ ಮಟ್ಟವಾದ 1819 ಅಡಿಯಿಂದ ನೀರು ಇಳಿಯುತ್ತ ಹೋದಂತೆ ನಿನ್ನೆಯ ಸುರಕ್ಷಿತ ದಾರಿ ಇಂದಿಗೆ ಸುರಕ್ಷಿತವಲ್ಲ. 2023ರ ಬೇಸಗೆಯ ಕೊನೆಯಲ್ಲಿ ನೀರು ತಗ್ಗಿ ಸಿಗಂದೂರಿನ ಲಾಂಚಿಗೇ ವಾಹನ ಹತ್ತಿಸುವುದು ನಿಂತುಹೋಗಿತ್ತು. ಮುಳುಗಡೆಯ ಮುನ್ನ ಇಲ್ಲಿ ಉತ್ತಿದವರಲ್ಲಿ ಕೆಲವರಾದರೂ ಇನ್ನೂ ಇದ್ದಾರೆ. ಎಲ್ಲಿ ದಿಬ್ಬ, ಎಲ್ಲಿ ಬಾವಿ, ಎಲ್ಲಿ ದೇವರಕಾಡು ಇತ್ತೆಂದು ಅವರ ಬಳಿ ಕುಳಿತು ನಕಾಶೆ ಬರೆಯುವ ಕೆಲಸವನ್ನು ವಿದ್ಯಾರ್ಥಿಗಳು ಕೈಗೊಂಡರೆ ಅದು ಚರಿತ್ರೆಯೂ ಆಗುತ್ತದೆ, ದೋಣಿಯ ದಾರಿಪಟವೂ ಆಗುತ್ತದೆ.

ಗಾಳಿಯ ಕಾಲವನ್ನೂ ತಿಳಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿಹಾರದ ಮಾತೇ ಬೇಡ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನಗಳು ಅದಕ್ಕಿಂತ ಮೋಸದವು. ಮೂರು ಗಂಟೆಗೆ ಕನ್ನಡಿಯಂತಿದ್ದ ನೀರು, ಗುಡುಗಿನ ಮಳೆಗೆ ಮುಂಚಿನ ಗಾಳಿ ಬೀಸಿದೊಡನೆ ಗಿಡ್ಡ ಕಡಿದಾದ ಅಲೆಗಳಿಂದ ಕುದಿಯತೊಡಗುತ್ತದೆ. ತಡೆಯಿಲ್ಲದ ವಿಶಾಲ ನೀರಿನ ಮೇಲೆ ಗಾಳಿ ಓಡಿದಷ್ಟೂ ಅಲೆ ಬೆಳೆಯುತ್ತದೆ. ಪಶ್ಚಿಮದಲ್ಲಿ ಮೋಡ ಕಪ್ಪಾಯಿತೆಂದರೆ ದೋಣಿ ದಂಡೆಯಲ್ಲಿರಬೇಕು.

ಈವರೆಗೆ ಹೇಳಿದ್ದು ದೋಣಿಯೊಳಗಿನವರ ಜೀವದ ವಿಷಯ. ದೋಣಿಯ ಹೊರಗಿರುವವರೂ ಇದ್ದಾರೆ. ಸಂಜೆ ಬಲೆ ಬಿಟ್ಟು ಬೆಳಿಗ್ಗೆ ಎತ್ತುವ ಮೀನುಗಾರನ ಬಲೆಯ ಮೇಲೆ ಪ್ರೊಪೆಲ್ಲರ್ ಹಾದರೆ ಅವನ ದಿನದ ಗಳಿಕೆ ಮಾತ್ರವಲ್ಲ, ಬಂಡವಾಳವೇ ಹರಿಯುತ್ತದೆ. ತೇಲುಬುರುಡೆ ಕಂಡಲ್ಲಿ ದೂರದಿಂದ ಸುತ್ತಿ ಹೋಗುವುದು, ಹುಟ್ಟು ಹಾಕುವ ದೋಣಿಗೆ ಎಂಜಿನ್ ದೋಣಿ ದಾರಿ ಬಿಡುವುದು, ಎದುರುಬದುರಾದಾಗ ಇಬ್ಬರೂ ತಮ್ಮ ಬಲಕ್ಕೆ ಸರಿಯುವುದು ಜಲಸಂಚಾರದ ಮರ್ಯಾದೆ. ಭದ್ರಾ ಜಲಾಶಯದಲ್ಲಿ ಬೇಸಗೆಯಲ್ಲಿ ನೀರು ಇಳಿದು ತೆರೆದುಕೊಳ್ಳುವ ನಡುಗಡ್ಡೆಗಳ ಬರಿನೆಲದ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ. ಫೋಟೋ ತೆಗೆಯಲು ದೋಣಿ ಹತ್ತಿರ ಒಯ್ದರೆ ಹಕ್ಕಿ ಮೇಲೇಳುತ್ತದೆ. ಆ ಬಿಸಿಲಿಗೆ ತೆರೆದಿಟ್ಟ ಮೊಟ್ಟೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ಹಿನ್ನೀರಿನ ಯಾವ ನಡುಗಡ್ಡೆಗೇ ಆಗಲಿ ಗೂಡಿನ ಕಾಲದಲ್ಲಿ ದೋಣಿ ತಾಗಿಸಬಾರದು. ಬೇರೆ ಕೆರೆಯಲ್ಲಿ ಓಡಿದ ದೋಣಿಯನ್ನು ಇಲ್ಲಿಗೆ ತರುವಾಗ ತೊಳೆದು, ತಳದ ನೀರು ಚೆಲ್ಲಿ, ಕೆಲವು ದಿನ ಬಿಸಿಲಿಗೆ ಒಣಗಿಸಬೇಕು. ಸಾಲ್ವಿನಿಯಾದಂಥ ಕಳೆ ಒಂದು ತುಣುಕಿನಿಂದಲೇ ಕೆರೆ ತುಂಬಬಲ್ಲದು.

ಎಂಜಿನ್ನಿನ ವಿಷಯದಲ್ಲಿ ಸ್ಪಷ್ಟ ಅಭಿಪ್ರಾಯ ಹೇಳಬೇಕಾಗಿದೆ. ಅಗ್ಗಕ್ಕೆ ಸಿಗುವ ಹಳೆಯ ಟು-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ನುಗಳು ಕುಡಿದ ಇಂಧನದ ಸುಮಾರು ಕಾಲು ಭಾಗವನ್ನು ಸುಡದೆ ಎಣ್ಣೆಯ ಸಹಿತ ಹೊರಗೆ ಬಿಡುತ್ತವೆ; ಅದು ನೇರವಾಗಿ ನೀರಿಗೆ ಸೇರುತ್ತದೆ. 2019ರಲ್ಲಿ ಈ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪದ ವಿರುದ್ಧ ಜಿಲ್ಲೆಯ ಜನ ಬೀದಿಗಿಳಿದರು. ಹಾಗೆ ಕಾಯ್ದುಕೊಂಡ ನೀರಿಗೆ ಸ್ವಂತ ಕೈಯಿಂದ ಪೆಟ್ರೋಲು ಸುರಿಯುವುದು ಹೇಗೂ ಒಪ್ಪುವ ಮಾತಲ್ಲ. ಹುಟ್ಟಿನ ದೋಣಿ, ಹರಿಗೋಲು, ಕಯಾಕ್‌ಗಳಿಂದಲೇ ಹೊನ್ನೆಮರಡುವಿನಲ್ಲಿ ವರ್ಷಗಳ ಕಾಲ ಜಲಸಾಹಸ ಶಿಬಿರಗಳು ನಡೆದಿವೆ. ಮೌನವಾದ ನೀರನ್ನೇ ಅರಸಿ ಬರುವವರು ಇದ್ದಾರೆ. ಜನರನ್ನು ದಾಟಿಸಲು ಯಂತ್ರ ಬೇಕೇಬೇಕೆಂದಾದಲ್ಲಿ ಕೇರಳದ ವೈಕಂ–ತವಣಕ್ಕಡವು ಮಾರ್ಗದಲ್ಲಿ 75 ಜನರ ಸೌರದೋಣಿ ‘ಆದಿತ್ಯ’ 2017ರಿಂದ ಓಡಿದ ಉದಾಹರಣೆಯಿದೆ.

ಹುಟ್ಟಿನ ದೋಣಿಗೆ ನಿಯಮವಿಲ್ಲವೆಂದು ತಿಳಿಯಬಾರದು. 2021ರ ಕಾಯಿದೆಯಲ್ಲಿ ಎಂಜಿನ್ ಇಲ್ಲದ ದೋಣಿಗಳಿಗೂ ಒಂದು ಅಧ್ಯಾಯವಿದ್ದು, ಅವುಗಳ ಕನಿಷ್ಠ ಸುರಕ್ಷತೆ ಮತ್ತು ದಾಖಲಾತಿಯ ಕೆಲಸವನ್ನು ತಳಮಟ್ಟದ ಸ್ಥಳೀಯ ಸಂಸ್ಥೆಗಳಿಗೆ ವಹಿಸಲು ರಾಜ್ಯ ಸರ್ಕಾರಕ್ಕೆ ಅವಕಾಶ ನೀಡಲಾಗಿದೆ. ಇದನ್ನು ಗ್ರಾಮಸಭೆಗಳು ಗಂಭೀರವಾಗಿ ಪರಿಗಣಿಸಬೇಕು. ಎಲ್ಲಿಯಾದರೂ ಒಂದು ವಿಹಾರದೋಣಿ ಮುಳುಗಿದ ಮರುದಿನ ಸಾಮಾನ್ಯವಾಗಿ ಬರುವುದು ಎಲ್ಲ ದೋಣಿಗಳನ್ನೂ ನಿಲ್ಲಿಸುವ ಆದೇಶ. ರೆಸಾರ್ಟಿನ ದೋಣಿಯೊಡನೆ ಮೀನುಗಾರನ ದೋಣಿಯೂ, ಸೇತುವೆ ತಲುಪದ ದಂಡೆಗಳಿಂದ ಮಕ್ಕಳನ್ನು ಶಾಲೆಗೆ ದಾಟಿಸುವ ದೋಣಿಯೂ ಅದರಲ್ಲಿ ನಿಂತುಹೋಗುತ್ತವೆ. ಪ್ರವಾಸಿಗನಿಗೆ ತಪ್ಪುವುದು ಒಂದು ಸಂಜೆಯ ವಿನೋದ. ಊರವರಿಗೆ ತಪ್ಪುವುದು ದಾರಿ. ಆದುದರಿಂದ ಯಾರದೋ ದೋಣಿ ಎಂದು ಊರು ಸುಮ್ಮನಿರುವಂತಿಲ್ಲ. ಯಾವ ದೋಣಿ, ಯಾರ ಹೆಸರಿನಲ್ಲಿ, ಎಷ್ಟು ಜನಕ್ಕೆ, ಯಾವ ತಿಂಗಳುಗಳಲ್ಲಿ, ಯಾವ ಭಾಗದಲ್ಲಿ ಎಂಬುದನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆದಿಡಲು ಮೇಲಿನ ಆದೇಶಕ್ಕಾಗಿ ಕಾಯಬೇಕಾಗಿಲ್ಲ.

ವಿದ್ಯಾರ್ಥಿಗಳು ಕಾಲೇಜಿನ ಪ್ರವಾಸಕ್ಕೆ ಹೋದಾಗ ಕೇಳಬೇಕಾದುದು ಮೂರೇ ಪ್ರಶ್ನೆ: ಈ ದೋಣಿಯ ನೋಂದಣಿ ಸಂಖ್ಯೆ ಎಲ್ಲಿ ಬರೆದಿದೆ, ಎಷ್ಟು ಜನರ ಅನುಮತಿಯಿದೆ, ಎಲ್ಲರಿಗೂ ಜಾಕೆಟ್ ಇದೆಯೇ. ಉತ್ತರ ಸಿಗದಿದ್ದರೆ ದಂಡೆಯಲ್ಲಿ ಕುಳಿತು ಬುತ್ತಿ ಬಿಚ್ಚಬಹುದು. ಶಿಕ್ಷಕರು ಗದರಿಸಿದರೂ ಹತ್ತದಿರುವ ಹಕ್ಕು ಪ್ರತಿಯೊಬ್ಬರಿಗೂ ಇದೆ.

ಆ ಎರಡು ಎಕರೆಯ ಕೃಷಿಕನ ವಿಚಾರಕ್ಕೆ ಬಂದರೆ, ಅವನು ದೋಣಿಗೆ ಮುಂಗಡ ಕೊಡುವ ಮೊದಲು ಅಕ್ಕಪಕ್ಕದ ನಾಲ್ಕಾರು ಮನೆಯವರನ್ನು ಕೂಡಿಸಿ ಮಾತಾಡುವುದು ಒಳಿತು. ಮನೆಗೊಂದು ಎಂಜಿನ್ ದೋಣಿಯ ಬದಲು ಎಲ್ಲರಿಗೂ ಸೇರಿ ಎರಡು ಒಳ್ಳೆಯ ಹುಟ್ಟಿನ ದೋಣಿ, ಸಾಕಷ್ಟು ಜಾಕೆಟ್, ಈಜು ಹಾಗೂ ಪ್ರಥಮ ಚಿಕಿತ್ಸೆ ಕಲಿತ ಊರಿನದೇ ಇಬ್ಬರು ತರುಣರು, ಇಷ್ಟಾದರೆ ವೆಚ್ಚವೂ ಹಂಚಿಹೋಗುತ್ತದೆ, ‘ಇನ್ನೊಬ್ಬರು ಬೇಡ’ ಎನ್ನಲು ಜೊತೆಯೂ ಸಿಗುತ್ತದೆ. ಅದಕ್ಕೆ ಅಕ್ಟೋಬರಿನವರೆಗೆ ಕಾಲಾವಕಾಶವಿದೆ. ಮಳೆಗಾಲದಲ್ಲಿ ದೋಣಿಯನ್ನು ಕವುಚಿ ಹಾಕಿಡುವುದೇ ಕ್ರಮ.